ಪಂಚಾಂಗ ಮುಗಿದರೂ ಮುಗಿಯದ ಉಪವಾಸ

ಚೆನ್ನೈಯ ವಡಪಳನಿಯಲ್ಲಿ ನನ್ನದೊಂದು ಸಸ್ಯಾಹಾರಿ ಹೋಟೆಲು. ಗಿರಾಕಿ ಬಾಗಿಲು ದಾಟುವಾಗಲೇ ಅವನದು ಇಡ್ಲಿಯ ಹಸಿವೋ ಮಸಾಲೆದೋಸೆಯ ಹಸಿವೋ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅಂಥ ಮಹಾಪಂಡಿತನಿಗೆ, ಹದಿನಾರರ ಮಗಳು ಊಟ ಬಿಟ್ಟದ್ದು ತಿಳಿಯಲಿಲ್ಲ.

ಅವಳೇನೂ ಒಮ್ಮೆಲೇ ಬಿಡಲಿಲ್ಲ. ಮೊದಲು ಏಕಾದಶಿ. ಉಡುಪಿ ಕಡೆಯ ನಮಗೆ ಇದಕ್ಕಿಂತ ಸಂತೋಷ ಬೇಕೆ? ಆಮೇಲೆ ಸಂಕಷ್ಟಿ, ಮುರುಗನ ಷಷ್ಠಿ, ಸೋಮವಾರ, ಶನಿವಾರ. ಪಂಚಾಂಗ ಮುಗಿದರೂ ವ್ರತ ಮುಗಿಯಲಿಲ್ಲ. ನಾನೋ, "ಈ ಕಾಲದಲ್ಲೂ ಇಂಥ ಮಕ್ಕಳುಂಟು ಮಾರಾಯ್ರೆ" ಎಂದು ಗಿರಾಕಿಗಳೆದುರು ಬೀಗಿದ್ದೇ ಬೀಗಿದ್ದು.

ತಾನೇ ಪಾಯಸ ಮಾಡಿ ಎಲ್ಲರಿಗೂ ಬಡಿಸುವಳು, ತಾನು ಮಾತ್ರ ನಾಲಗೆಗೆ ತಾಗಿಸಳು. ಉಪವಾಸವಿಲ್ಲದ ದಿನ ಒಂದು ದೋಸೆಯನ್ನು ಹದಿನಾರು ಚೂರು ಮಾಡಿ ಹದಿನಾಲ್ಕನ್ನು ಬಿಡುವಳು. ಮೇ ತಿಂಗಳು, ಚೆನ್ನೈ ಉರಿಯುವ ಕತ್ತರಿ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡಳು. ಫ್ಯಾಷನ್ ಅಂದುಕೊಂಡೆ! ಕೂದಲು ಉದುರುತ್ತಿದೆ, ಮೂರು ತಿಂಗಳಿಂದ ಮುಟ್ಟಾಗಿಲ್ಲ ಎಂದ ಹೆಂಡತಿಗೇ ರೇಗಿದೆ. ಅವಳು ನನ್ನನ್ನು ಕೇಳದೆ ಮಗಳನ್ನು ಡಾಕ್ಟರ ಬಳಿ ಕರೆದೊಯ್ದಳು. ನಾನು ಹಿಂದೆಯೇ ಓಡಿದೆ.

"ಇದು ಭಕ್ತಿಯಲ್ಲ, ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆ" ಎಂದರು ಡಾಕ್ಟರು. ಎಷ್ಟು ಸೊರಗಿದರೂ ಅವಳಿಗೆ ಕನ್ನಡಿಯಲ್ಲಿ ತನ್ನ ಮೈ ದಪ್ಪಗೇ ಕಾಣುತ್ತದಂತೆ. ಹೀಗೇ ಬಿಟ್ಟರೆ ಹೃದಯಕ್ಕೇ ಅಪಾಯವಂತೆ. ನನ್ನ ಬಳಿ ಆರೋಪಿಗಳ ಪಟ್ಟಿ ಸಿದ್ಧವಿತ್ತು: ಮೊಬೈಲು, ಗೆಳತಿಯರು, ಹೆಂಡತಿ. ಡಾಕ್ಟರು ಒಪ್ಪಲಿಲ್ಲ. ಕಾರಣ ಒಂದೇ ಅಲ್ಲ. ಹುಟ್ಟಿನಿಂದ ಬಂದದ್ದು, ಆತಂಕದ ಸ್ವಭಾವ, ಎಲ್ಲದರಲ್ಲೂ ನೂರಕ್ಕೆ ನೂರು ಬೇಕೆಂಬ ಹಟ, ಮೈ ಬಗ್ಗೆ ಯಾರೋ ಆಡಿದ ಮಾತು, ಎಲ್ಲ ಬೆರೆತಿರುತ್ತದೆ ಎಂದರು. ವ್ರತ ಅವಳಿಗೆ ಸಿಕ್ಕ ಒಳ್ಳೆಯ ನೆಪ. ಅದಕ್ಕೆ ಚಪ್ಪಾಳೆ ತಟ್ಟಿದವನು ನಾನು. ನಾಚಿಕೆಯಾಯಿತು.

ಚಿಕಿತ್ಸೆ ಶುರುವಾಯಿತು. ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ: ಜೊತೆಗೆ ಕೂತು ತಿನ್ನುವುದು, ಹೊಗಳದೆ, ಬೈಯದೆ. ವಾಚಾಳಿಯಾದ ನನಗೆ ಅದೇ ಕಠಿಣ ವ್ರತ.

ಮೊದಲ ಬೆಳಿಗ್ಗೆ ತಟ್ಟೆ ನೋಡುತ್ತಲೇ ಮಗಳ ಕಣ್ಣು ತುಂಬಿತು. "ಬಯಮಾ ಇರುಕ್ಕುಪ್ಪಾ" ಎಂದಳು, ಅವಳ ಸ್ಕೂಲಿನ ತಮಿಳಿನಲ್ಲಿ. ಮೂವತ್ತು ವರ್ಷ ಇಡ್ಲಿ ಬೇಯಿಸಿದವನಿಗೆ ಇಡ್ಲಿ ಕಂಡರೆ ಹೆದರುವ ಮಗಳು! ನಗು ಬರಬೇಕಿತ್ತು, ಬರಲಿಲ್ಲ.

"ನಂಗೂ ಹೆದ್ರಿಕೆ ಉಂಟು ಮಗಾ."

"ಉಂಗಳುಕ್ಕು ಎನ್ನ ಬಯಂ?" ನಿಮಗೇನು ಹೆದರಿಕೆ ಎಂದು ಕೇಳಿದಳು.

"ನೀನು ಉಳೀತೀಯೋ ಇಲ್ವೋ ಅಂತ."

ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅಳುತ್ತಲೇ ಒಂದು ತುತ್ತು ಬಾಯಿಗಿಟ್ಟಳು.