ಗುರವ್ವನ ಖೋಲಿಯಲ್ಲಿ ನಾನು ಹೇಳಿದ ಸುಳ್ಳು

ರಾಮದುರ್ಗದಲ್ಲಿ ನನಗೆ ಬಾಡಿಗೆಗೆ ಜಾಗ ಕೊಡುವ ಮೊದಲು ನನ್ನ ಟ್ರಂಕನ್ನು ಬಿಚ್ಚಿಸಿ ನೋಡಿದರು. ಬಸ್ಸಿನ ಧೂಳು ಇನ್ನೂ ಮೈಮೇಲಿತ್ತು. ಮನೆಯೊಡತಿ ಗುರವ್ವ ಪಡಸಾಲೆಯಲ್ಲಿ ಕುಳಿತು ನನ್ನ ಸೀರೆಗಳನ್ನು ಒಂದೊಂದಾಗಿ ಎತ್ತಿ ಮೂಸಿದರು.

“ಸಿಟ್ಟಾಗಬ್ಯಾಡ್ರಿ ನರ್ಸಬಾಯಾರ. ನೀವು ಸಮುದ್ರದ ಕಡಿಯವರು. ನಮ್ದು ಲಿಂಗಾ ಕಟ್ಟಿದವರ ಮನಿ. ಮೀನದ ವಾಸನಿ ಇಲ್ಲಿ ನಡ್ಯೂದಿಲ್ಲ ನೋಡ್ರಿ.”

ಟ್ರಂಕಿನ ತಳದಲ್ಲಿ ಅವರಿಗೆ ಸಿಕ್ಕಿದ್ದು ಕಪ್ಪು ರಟ್ಟಿನ ನನ್ನ ವೇದಪುಸ್ತಕ, ಬೈಬಲ್. ಏನೆಂದು ಕೇಳಿ ತಿಳಿದು, ಹಣೆಗೆ ಒತ್ತಿಕೊಂಡು ಹಾಗೇ ಇಟ್ಟರು. ಇದು ಭಕ್ತಿಯೋ ನಾಟಕವೋ ಎಂದು ನನಗೆ ಆಗಲೇ ಗುಮಾನಿ. ಮೀನು ಮಾಂಸ ಈ ಮನೆಯೊಳಗೆ ತರುವುದಿಲ್ಲವೆಂದು ಮಾತು ಕೊಟ್ಟು ಹಿಂದಿನ ಖೋಲಿಗೆ ಸೇರಿಕೊಂಡೆ. ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷವೇ ನಾನು ಮಂಗಳೂರು ಬಿಟ್ಟು ಸರಕಾರಿ ದವಾಖಾನೆಯ ನರ್ಸಾಗಿ ಇಲ್ಲಿಗೆ ಬಂದದ್ದು. ಹೆಸರು ಒಂದಾದರೇನು, ನನ್ನ ಕನ್ನಡ ಕೇಳಿ ಇಲ್ಲಿಯ ಬಾಣಂತಿಯರು ಸೆರಗಿನೊಳಗೆ ನಗುತ್ತಿದ್ದರು. ನಮ್ಮಲ್ಲಿ ಪಕ್ಕದ ಮನೆಯವರು ಗೇಟಿನ ಹೊರಗೆ ನಿಂತು ಕರೆಯುತ್ತಾರೆ. ಇಲ್ಲಿ ಸೀದಾ ಒಲೆಯ ತನಕ ಬಂದು ಪಾತ್ರೆಯ ಮುಚ್ಚಳ ಎತ್ತುತ್ತಾರೆ. ನಮ್ಮಲ್ಲಿ ಹಿಂಡಿ ಎಂದರೆ ದನಕ್ಕೆ ಹಾಕುವುದು. ಇಲ್ಲಿ ಅದು ಶೇಂಗಾದ ಚಟ್ನಿಪುಡಿ. ಗುರವ್ವ ಬಿಸಿ ರೊಟ್ಟಿಯ ಮೇಲೆ ಅದನ್ನು ಹಾಕಿ ತಂದುಕೊಟ್ಟರೆ, ತಿನ್ನುತ್ತಲೇ ನಾನು ಯೋಚಿಸುತ್ತಿದ್ದೆ: ಇವರು ಕೊಡಲು ಬಂದರೋ, ನನ್ನ ಒಲೆ ನೋಡಲು ಬಂದರೋ? ಭಾನುವಾರ ಆರಾಧನೆಗೆ ಹತ್ತಿರದಲ್ಲಿ ನಮ್ಮವರ ದೇವಾಲಯವಿಲ್ಲ. ಬಾಗಿಲು ಮುಂದೆ ಮಾಡಿ ಒಬ್ಬಳೇ ಓದಿ, ಒಬ್ಬಳೇ ಹಾಡಿ, ಒಬ್ಬಳೇ ಆಮೆನ್ ಎನ್ನುತ್ತಿದ್ದೆ. ಆಗ ಅಳು ಬಂದದ್ದೂ ಉಂಟು.

ಮರುವರ್ಷದ ಮಳೆಗಾಲದಲ್ಲಿ ಊರಿನಿಂದ ಬಂದ ನೆಂಟರೊಬ್ಬರ ಕೈಯಲ್ಲಿ ಅಮ್ಮ ಒಂದು ಡಬ್ಬಿ ಕಳಿಸಿದಳು. ಒಣಸೀಗಡಿಯ ಚಟ್ನಿ. ದವಾಖಾನೆಯಲ್ಲೇ ಯಾರಿಗಾದರೂ ಕೊಟ್ಟುಬಿಡಬೇಕಿತ್ತು. ಒಂದು ಸಂಜೆ ಗಂಜಿಯ ಮುಂದೆ ಕುಳಿತವಳಿಗೆ ತಡೆಯಲಾಗಲಿಲ್ಲ. ಡಬ್ಬಿ ತೆರೆದು ಐದು ನಿಮಿಷವಾಗಿಲ್ಲ, ಬಾಗಿಲಲ್ಲಿ ಗುರವ್ವ.

“ಏನ್ರಿ ಇದು ವಾಸನಿ?”

“ದವಾಖಾನೆಯ ಔಷಧದ್ದು ಅಮ್ಮಾ. ಸೀರೆಗೆ ಚೆಲ್ಲಿತು.”

ಒಂದಿಷ್ಟೂ ತಡವರಿಸದೆ ಹೇಳಿದೆ. ಹೌದು ಎಂದರೆ ಹೌದಾಗಿರಬೇಕು, ಇಲ್ಲ ಎಂದರೆ ಇಲ್ಲವಾಗಿರಬೇಕು ಎಂದು ಚಿಕ್ಕಂದಿನಿಂದ ಕಲಿತ ಬಾಯಿ ಇದು. ಗುರವ್ವ ನನ್ನ ಮುಖವನ್ನೇ ನೋಡಿ ಹೊರಟುಹೋದರು. ಮರುದಿನದಿಂದ ಮಾತೂ ಇಲ್ಲ, ರೊಟ್ಟಿಯೂ ಇಲ್ಲ. ನನ್ನ ಮೇಲೆಯೇ ಸಂಶಯವೇ ಎಂದು, ತಪ್ಪು ಮಾಡಿದವಳು ನಾನೇ ಉರಿದುಕೊಂಡೆ.

ಹೀಗೇ ದಸರೆ ಬಂತು. ಇಲ್ಲಿ ದಸರೆಯ ಸಂಜೆ ಬನ್ನಿಮರಕ್ಕೆ ಪೂಜೆ ಮಾಡಿ, ಅದರ ಎಲೆಗಳನ್ನು ಒಬ್ಬರಿಗೊಬ್ಬರು ಕೊಡುತ್ತಾರೆ. ವರ್ಷವಿಡೀ ಮಾತುಬಿಟ್ಟವರೂ ಅಂದು ಎಲೆ ಕೊಟ್ಟು ಮಾತಾಡಬೇಕು. ಚಿಕ್ಕವರು ಹಿರಿಯರ ಮನೆಗೆ ಹೋಗಿ ಕಾಲಿಗೆರಗುವುದು ಪದ್ಧತಿ. ಆದರೆ ಅಂದು ಅರವತ್ತು ದಾಟಿದ ಗುರವ್ವ ತಾವೇ ನನ್ನ ಖೋಲಿಗೆ ಬಂದರು.

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ. ನಿಮ್ಮ ಮ್ಯಾಲೆ ಸಂಶೇ ಪಟ್ಟೆ. ತಪ್ಪಾತ್ರಿ ನಂದು.”

ನಾನು ಕೈ ಚಾಚಲಿಲ್ಲ. “ಪೂಜೆ ಮಾಡಿದ್ದನ್ನು ನಾವು ಮುಟ್ಟುವುದಿಲ್ಲ ಅಮ್ಮಾ. ನಮ್ಮ ವೇದದಲ್ಲಿ ಒಪ್ಪಿಗೆಯಿಲ್ಲ” ಎಂದೆ. ಅವರು ಎಲೆಗಳನ್ನು ಸೆರಗಿನ ಅಂಚಿಗೆ ಕಟ್ಟಿಕೊಂಡು ಹಿಂದಿರುಗಿದರು. ದೇವರ ಮೇಲಿನ ವಿಶ್ವಾಸ ಕಾಪಾಡಿಕೊಂಡೆ ಎಂದು ಬೀಗಿದೆ. ನಿಜ ಹೇಳುತ್ತೇನೆ, ಎಲೆ ನೆಪ. ನನಗೆ ಹೆದರಿಕೆಯಾದದ್ದು ಆ ಕ್ಷಮಾಪಣೆಗೆ.

ಆ ಭಾನುವಾರ ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಹೊರಡಲಿಲ್ಲ. ಕಾಣಿಕೆ ಹಿಡಿದು ಬಂದಾಗ ನಿನ್ನ ಮೇಲೆ ಯಾರಿಗಾದರೂ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಯೇಸುಸ್ವಾಮಿ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೆನೋ. ಹಾಗೆ ಎದ್ದು ಹೋದವರನ್ನು ನಮ್ಮ ಸಭೆಯಲ್ಲಿ ಒಬ್ಬರನ್ನೂ ನೋಡಿರಲಿಲ್ಲ. ಆ ಮಾತಿನ ಗಂಧವೇ ಇಲ್ಲದ ಹೆಂಗಸು ಎಲೆ ಹಿಡಿದು ನನ್ನ ಹೊಸ್ತಿಲಿಗೆ ಬಂದಿದ್ದಳು. ನಾಚಿಕೆಯಾಯಿತು. ಎದ್ದು ಹೋದೆ.

ಗುರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಡಬ್ಬಿಯ ಸಂಗತಿ ಹೇಳಿದೆ. ಮೊರದ ಮೇಲಿನ ಕೈ ನಿಂತಿತು.

“ಈಗ್ಯಾಕ ಹೇಳಾಕ ಬಂದೀರಿ? ಮನಿ ಬಿಡಸ್ತೇನಿ ಅಂತ ಅಂಜಿಕಿ ಆತೇನ್ರಿ?”

“ಇಲ್ಲ ಅಮ್ಮಾ. ಪ್ರಾರ್ಥನೆ ಮಾಡಲಾಗಲಿಲ್ಲ.”

ಅವರು ಜೋಳದೊಳಗಿನ ಹರಳು ಆರಿಸತೊಡಗಿದರು. “ನನಗ ಗೊತ್ತಿತ್ರಿ. ಮೂಗಿಗೆ ತಿಳಿಯೂದಿಲ್ಲೇನು?”

“ಮತ್ತೆ ನೀವೇಕೆ ತಪ್ಪಾಯಿತು ಅಂದಿರಿ?”

“ಮಾತ ಬಿಟ್ಟಾಕಿ ನಾನಲ್ರಿ? ಬನ್ನಿ ದಿನಾ ಯಾರಾರ ಮೊದಲ ಬಗ್ಗಬೇಕಲ್ಲ.” ಆಮೇಲೆ ದನಿ ತಗ್ಗಿಸಿದರು. “ನೀವು ಹೇಳೂತನಕಾ ಬರೇ ಸಂಶೇ ಅಂತ ಕಣ್ಣ ಮುಚ್ಚಿಕೊಂಡ ಇಟಗೊಂಡಿದ್ದೆ. ಈಗ ನಿಮ್ಮ ಬಾಯಿಲೇ ಕೇಳೇನಿ. ನಾಳೆ ಲಿಂಗಾ ಕೈಯಾಗ ಹಿಡದು ಕುಂತಾಗ ಏನ ಹೇಳಲಿ? ಖೋಲಿ ಬಿಡಬೇಕ್ರಿ ನೀವು.”

ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ನನ್ನನ್ನು ಉಳಿಸಿಕೊಳ್ಳಲು, ಏನೂ ಕೇಳಿಲ್ಲವೆಂಬ ಒಂದು ಸುಳ್ಳು ಸಾಕಿತ್ತು. ಅದನ್ನು ಅವರು ಹೇಳಲಿಲ್ಲ. ಮರುವಾರ ತಾವೇ ಮುಂದೆ ನಡೆದು ಬೇರೆ ಓಣಿಯಲ್ಲಿ ಜಾಗ ತೋರಿಸಿದರು. ಅಲ್ಲಿಯ ಯಜಮಾನತಿ ನನ್ನೆದುರಿಗೇ ಕೇಳಿದಳು, “ಹೆಂಥಾಕಿರೀ ಈಕಿ?”

“ನಮ್ಮ ಮನ್ಯಾಗ ಒಂದ ಸುಳ್ಳ ಹೇಳ್ಯಾಳ. ಆಮ್ಯಾಲ ತಾನ ಬಂದು ಒಪ್ಪಿಕೊಂಡಾಳ. ಬೇಕಿದ್ರ ಇಟಗೋರಿ.”

ಮಂಗಳೂರು ಬಿಡುವಾಗ ನಮ್ಮ ಸಭೆಯ ಪಾದ್ರಿ ಅಯ್ಯಗಳು ನನ್ನ ನಡತೆಯ ಬಗ್ಗೆ ಪುಟ ತುಂಬ ಬರೆದುಕೊಟ್ಟಿದ್ದರು. ಅದರಲ್ಲಿ ನನ್ನ ಒಂದು ತಪ್ಪಿನ ಸುದ್ದಿಯೂ ಇಲ್ಲ. ಅದನ್ನು ಓದಿದರೆ ಬೇರೆ ಯಾರನ್ನೋ ಹೊಗಳಿದಂತಿದೆ. ನನ್ನನ್ನು ಸರಿಯಾಗಿ ಬಲ್ಲವಳು ನನ್ನನ್ನು ಹೊರಗೆ ಕಳಿಸಿದವಳು.

ಆ ಮಾತುಬಿಟ್ಟ ತಿಂಗಳುಗಳಲ್ಲೇ ಮಂಗಳೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಈಗ ಓಣಿಯ ತಿರುವಿನಲ್ಲಿ ಅಂಚೆಯವನು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಅವನು ನಿಲ್ಲದೆ ಮುಂದೆ ಹೋದಾಗ ಸಮಾಧಾನವಾಗುತ್ತದೆ, ಹಿಂದೆಯೇ ಅಮ್ಮನ ಮುಖ ನೆನಪಾಗುತ್ತದೆ.