‘ಪ್ರವಾಹ ಬಂದಿಲ್ಲ’ ಎಂದ ನಾಮ್ ಅಕ್ಕ

ಯೋಜನಾ ಕಚೇರಿಯ ಖಿಯೆಮ್ ಬೇಸಿಗೆಯಲ್ಲಿ ಊರಿಗೆ ಬಂದು ಫಾರಮ್ ನೋಡಿ ಕೇಳಿದ: “ಹೋದ ವರ್ಷ ಎಷ್ಟು ಸಲ ಪ್ರವಾಹ ಬಂತು?”

“ಒಂದ್ಸಲಾನೂ ಇಲ್ಲಪ್ಪ,” ಎಂದಳು ನಾಮ್ ಅಕ್ಕ.

ಅದು ಸುಳ್ಳಲ್ಲ. ಮೆಕಾಂಗ್ ಕವಲೊಡೆಯುವ ನಮ್ಮ ತಗ್ಗುಬಯಲಲ್ಲಿ ವರ್ಷಕ್ಕೆ ಮೂರು ತಿಂಗಳು ಎದೆಮಟ್ಟ ನೀರು ನಿಲ್ಲುತ್ತದೆ. ಅದನ್ನು ಯಾರೂ ಪ್ರವಾಹ ಎನ್ನುವುದಿಲ್ಲ, ‘ನೀರೇರಿತು’ ಎನ್ನುತ್ತೇವೆ. ಪ್ರವಾಹವೆಂದರೆ ಮನೆ ಕೊಚ್ಚಿಹೋಗಬೇಕು, ಹೆಣ ತೇಲಬೇಕು. ಏರುವ ನೀರು ಗದ್ದೆಗೆ ಮೆಕ್ಕಲು ತರುತ್ತದೆ, ಬೆರಳುದ್ದದ ಲಿನ್ ಮೀನು ತರುತ್ತದೆ. ಗಂಡ ಸತ್ತ ಮೇಲೆ ನಾಮ್ ಅಕ್ಕ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು ಆ ಮೀನು ಹಿಡಿದು, ಆ ನೀರಲ್ಲಿ ಅರಳುವ ಹಳದಿ ಹೂ ಕೊಯ್ದು ಮಾರಿ.

ಮಳೆಗೆ ಮೊದಲೇ ನಕ್ಷೆ ಕಚೇರಿಯ ಗೋಡೆಗೇರಿತು. ನೀರಿಗೆ ಬಿಡಬೇಕಾದ ಬಯಲುಗಳಿಗೆ ನೀಲಿ, ನಮ್ಮದಕ್ಕೂ ಕೆಳಗಿನ ಊರುಗಳದಕ್ಕೂ ಕೆಂಪು. ಇಲ್ಲಿ ಪ್ರವಾಹ ಬರುವುದಿಲ್ಲ, ಎತ್ತರದ ಒಡ್ಡು ಹಾಕಿ ಮೂರನೇ ಬೆಳೆ ತೆಗೆಯಬಹುದು ಎಂದು ಬರೆದಿತ್ತು. ಸಾಕ್ಷಿಗೆ ನಾಮ್ ಅಕ್ಕನ ಸಹಿ. ಒಡ್ಡು ಬಂದರೆ ನೀರಿಲ್ಲ, ಮೀನಿಲ್ಲ, ಮೆಕ್ಕಲಿಲ್ಲ.

“ನಿನ್ ಬಾಯಿಂದ್ಲೇ ಬಯಲು ಹೋಯ್ತಲ್ಲೇ,” ಎಂದು ಪಕ್ಕದ ಮನೆಯ ಥೋವಾ ಚುಚ್ಚಿದಳು.

“ಬಾಯಿಂದ ಹೋದದ್ನ ಬಾಯಿಂದ್ಲೇ ತರ್ತೀನಿ, ಬಿಡೇ.”

ಆರು ಸಲ ಕಾಲುವೆಯಲ್ಲಿ ದೋಣಿಗೆ ಹುಟ್ಟು ಹಾಕುತ್ತ ಕಚೇರಿಗೆ ಹೋದಳು.

“ಅಕ್ಕ, ಉತ್ತರ ನೀವೇ ಕೊಟ್ಟಿದ್ದು,” ಎಂದ ಖಿಯೆಮ್.

“ಪ್ರಶ್ನೆ ಯಾರದಪ್ಪ?”

“ನೀರೇರೋದಕ್ಕೆ ಫಾರಮ್ಮಲ್ಲಿ ಕಾಲಮ್ಮೇ ಇಲ್ಲ.”

“ಒಂದು ಗೀಟು ಎಳಿ. ಸ್ಕೇಲಿಲ್ವಾ? ಹುಟ್ಟು ಕೊಡ್ಲಾ?”

ಕಚೇರಿ ನಕ್ಕಿತು. ನಗಲಿ. ಬೂಟು ಒದ್ದೆಯಾಗದ ತಿಂಗಳು ಹುಡುಕಿ ಬಂದು ನೀರಿನ ನಾಡಿನ ನಕ್ಷೆ ಬರೆಯುವವರಿಗೆ ಓದು ಹೆಚ್ಚಾಗಿದೆಯೋ ನಾಚಿಕೆ ಕಡಿಮೆಯಾಗಿದೆಯೋ, ನನಗಂತೂ ತಿಳಿಯದು.

ಏಳನೇ ಸಲ ಅವಳು ಒಳಗೆ ಹೋಗಲಿಲ್ಲ. ಆ ಹೊತ್ತಿಗೆ ಬಯಲಿಗೆ ನೀರೇರಿತ್ತು. ದೋಣಿಯಲ್ಲೇ ಕೂತು ಕೂಗಿದಳು: “ಖಿಯೆಮ್, ಒಡ್ಡಿಗೇಂತ ನೆಟ್ಟ ಗೂಟ ತೋರ್ಸು ಬಾ. ತೋರ್ಸಿದ್ರೆ ಇನ್ನು ಈ ಕಡೆ ತಲೆ ಹಾಕಲ್ಲ.”

ಕಾಟ ತಪ್ಪಲೆಂದೇ ಅವನು ದೋಣಿ ಹತ್ತಿದ.

ಬಯಲ ನಡುವೆ ಅವಳು ಹುಟ್ಟು ನಿಲ್ಲಿಸಿದಳು. ಗೂಟ ಎಲ್ಲೂ ಕಾಣಲಿಲ್ಲ. ಬಿದಿರಿನ ಗಳ ಇಳಿಸಿ ತಡಕಿದಳು. ಆಳದಲ್ಲಿ ಟಕ್ ಎಂದಿತು. ಗಳವನ್ನೆತ್ತಿ ಅವನ ಪಕ್ಕ ನಿಲ್ಲಿಸಿದಳು. ಗಳ ಅವನ ಎದೆಮಟ್ಟದವರೆಗೂ ಒದ್ದೆ.

ಖಿಯೆಮ್ ಚೀಲದಿಂದ ಫಾರಮ್ ತೆಗೆದ. “ಏನಂತ ಬರೀಲಿ ಅಕ್ಕ?”

“ನೀರೇರಿದೆ ಅಂತ. ಹಂಗೇ ಬರಿ. ನನ್ ಮಾತು ತಿದ್ದಬೇಡ.”

ಸ್ಕೇಲಿರಲಿಲ್ಲ. ಹುಟ್ಟಿನ ಅಂಚಿಗೆ ಹಾಳೆ ಒತ್ತಿ ಹೊಸ ಕಾಲಮ್ಮಿಗೆ ಗೀಟೆಳೆದ. ದೋಣಿ ಅಲುಗಿ ಗೀಟು ಸೊಟ್ಟಗಾಯಿತು.

ತಿದ್ದಿದ ನಕ್ಷೆಯಲ್ಲಿ ನಮ್ಮ ಬಯಲು ನೀಲಿ. ನಾಮ್ ಅಕ್ಕ ಅದರ ಮುಂದೆ ನಿಂತು ಕೆಳಗಿನ ಊರುಗಳ ಕೆಂಪಿನ ಮೇಲೆ ಬೆರಳಿಟ್ಟಳು.

“ಇವ್ರನ್ನ ಏನಂತ ಕೇಳಿದ್ದೆ?”

“ಪ್ರವಾಹ ಬಂತಾ ಅಂತ,” ಎಂದ ಖಿಯೆಮ್, ತಲೆ ತಗ್ಗಿಸಿ.

“ಬೂಟು ಬಿಚ್ಚಿಡು. ದೋಣಿ ಹೊರಗೇ ಇದೆ.”