ಭಾನುವಾರದ ಮಿಕ್ಸಿ

ಮಿಕ್ಸಿ ಬಹಳ ಹೊತ್ತು ತಿರುಗಿದರೆ ಮೋಟರು ಬಿಸಿಯಾಗಿ ಒಂದು ಕಮಟು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರುತ್ತದೆ. ಇವತ್ತು ಬೆಳಿಗ್ಗೆ ಅಡುಗೆಮನೆ ತುಂಬ ಅದೇ. ನನಗೆ ಆ ವಾಸನೆಯೆಂದರೆ ತಮ್ಮ. ಬೇರೆಯವರಿಗೆ ಸತ್ತವರ ನೆನಪು ಹೂವಿನಲ್ಲೋ ಊದುಬತ್ತಿಯಲ್ಲೋ ಬರುತ್ತದಂತೆ. ನನ್ನ ಹಣೆಬರಹ ನೋಡಿ.

ನಾನು ಮೂರನೇ ಕ್ಲಾಸಿನ ಗಿರಾಕಿ. ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಬಾಳಗಡಿ ದಾಟಿ ಕೊಪ್ಪ ಸೇರಿರುತ್ತದೆ. ಅಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ತಮ್ಮ ನಾಗೇಶ ತಾರು ಆಫೀಸಿನಲ್ಲಿದ್ದವನು. ಕಟಕಟ ಶಬ್ದ ಕೇಳಿಯೇ ಯಾರಿಗೆ ಹೆರಿಗೆಯಾಯಿತು, ಯಾರು ತೀರಿಕೊಂಡರು ಅಂತ ಬರೆದುಕೊಳ್ಳುತ್ತಿದ್ದ. ತಾರು ನಿಂತಿತು. ಆಮೇಲೆ ಅವನ ಕಿವಿಯೂ ನಿಂತಿತು. ಅವನು ಮದುವೆಯಾಗಲಿಲ್ಲ, ನನ್ನ ಗಂಡ ಬೇಗ ಹೋದ. ಹಾಗಾಗಿ ಬಾಳಗಡಿಯ ಮನೆಯಲ್ಲಿ ನಾವಿಬ್ಬರೇ. ನಾನು ಕೂಗುವುದು, ಅವನು ತಲೆಯಾಡಿಸುವುದು. ಉಪ್ಪು ಕೊಡು ಅಂದರೆ ಚಪ್ಪಲಿ ಹುಡುಕುತ್ತಿದ್ದ.

ಲೈಸೆನ್ಸು ಮಾಡಿಸಿ ಇಟ್ಟುಕೊಂಡಿದ್ದ, ಮನೆಯಿಂದಲೇ ಸುದ್ದಿ ಕಳಿಸುವ ಹವ್ಯಾಸಿ ರೇಡಿಯೋ ಅಟ್ಟ ಸೇರಿತ್ತು. ಅದನ್ನು ಇಳಿಸಿದವನು ಸೀತೂರಿನ ಶೇಷಪ್ಪ, ಅದೇ ಆಫೀಸಿನ ಹಳೇ ಜೊತೆಗಾರ. ‘ಕಿವಿ ಬೇಡ ಮಾರಾಯ, ಕಣ್ಣು ಸಾಕು’ ಅಂತ ಇವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. ಎರಡೂ ಮನೆಗೆ ಉದ್ದ ತಂತಿ ಕಟ್ಟಿದರು. ರೇಡಿಯೋದಲ್ಲಿ ತೀರ ಕೆಳಗಿನ ಅಲೆಯಂತೆ ಅದು, ಗುಡ್ಡದ ಮೈ ಸವರಿಕೊಂಡು ಹೋಗುತ್ತದಂತೆ. ಶಕ್ತಿ ಮಾತ್ರ ಒಂದು ಟಾರ್ಚಿನಷ್ಟೂ ಇಲ್ಲ. ಗಡಿಬಿಡಿಯಲ್ಲಿ ಹೇಳಿದರೆ ಗಲಾಟೆಯೊಳಗೆ ಕಳೆದೇಹೋಗುತ್ತದೆ. ಎಳೆದೆಳೆದು ಹೇಳಿದರೆ ತಾರಿನ ಆ ಕಟಕಟವೇ ರೇಡಿಯೋಗೆ ಜೋಡಿಸಿದ ಕಂಪ್ಯೂಟರಿನ ಪರದೆಯ ಮೇಲೆ ಗಿಡ್ಡ, ಉದ್ದ ಗೆರೆಯಾಗಿ ಕಾಣುತ್ತದೆ. ಒಂದು ಗಿಡ್ಡ ಗೆರೆಗೆ ಸಾಸಿವೆ ಸಿಡಿಯುವಷ್ಟು ಹೊತ್ತು, ಒಂದು ಉದ್ದಕ್ಕೆ ದೋಸೆ ಬೇಯುವಷ್ಟು. ಪ್ರತಿ ಭಾನುವಾರ ಬೆಳಿಗ್ಗೆ ಇದೇ ಕೆಲಸ, ಒಂದು ವಾರ ಇವನು ಕಳಿಸುವುದು, ಮುಂದಿನ ವಾರ ಅವನು. ‘ಮಳೆ’ ಅಂತ ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು.

ಇದೆಲ್ಲ ಇರಲಿ, ನನಗೆ ಬಂದ ಕಷ್ಟ ಮಿಕ್ಸಿಯದು. ಮಿಕ್ಸಿ ಹಾಕಿದರೆ ಪರದೆ ಪೂರ್ತಿ ಬೆಳ್ಳಗಾಗಿ ಗೆರೆ ಮುಚ್ಚಿಹೋಗುತ್ತಿತ್ತು.

‘ಅಕ್ಕ, ನಿಲ್ಸೇ! ಶೇಷಪ್ಪ ಕಾಣ್ತಿಲ್ಲ!’

‘ಶೇಷಪ್ಪ ಬಂದು ರುಬ್ಬಿಕೊಡ್ತಾನಾ? ನನ್ನ ರಟ್ಟೆ ಬಿದ್ದುಹೋಯ್ತು!’

ಕೇಳಿಸಿದರೆ ತಾನೆ. ಎದುರಿಗೆ ಕೂತವಳ ಮಾತು ಕೇಳುವುದಿಲ್ಲ, ಸೀತೂರಿನವನ ಮಾತು ಕಾಣುತ್ತದೆ. ಹೊಟ್ಟೆ ಉರಿಯುತ್ತಿತ್ತು ನನಗೆ. ಭಾನುವಾರ ಒರಳೇ ಗತಿ. ಆದರೆ ಮುಗಿಯಿತು ಅನ್ನುವುದಕ್ಕೆ ಅವರದೊಂದು ಗುರುತಿತ್ತು: ಮೂರು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ. ಅದೊಂದನ್ನು ನಾನೂ ಕಲಿತೆ. ಅದು ಬಂತೆಂದರೆ ಮಿಕ್ಸಿ ಹಾಕಬಹುದು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ, ಹಲ್ಲುಜ್ಜಲು ಹೋದವನು ಬಚ್ಚಲಲ್ಲಿ ಕೂತ. ಏಳಲಿಲ್ಲ. ನಾನು ಕೂಗಿದೆ. ಅಭ್ಯಾಸ ನೋಡಿ, ಕೇಳಿಸಲಿಲ್ಲವೇನೋ ಅಂತ ಇನ್ನೂ ಜೋರಾಗಿ ಕೂಗಿದೆ.

ಹದಿಮೂರರ ಊಟಕ್ಕೆ ಶೇಷಪ್ಪ ಬಂದಿದ್ದ. ಕೈ ತೊಳೆದು, ಹೋಗದೆ ಜಗಲಿಯಲ್ಲೇ ನಿಂತ. ‘ಅಕ್ಕ, ನಮ್ಮಲ್ಲೊಂದು ಕ್ರಮ ಇದೆ. ಜೊತೆಯವನು ಹೋದರೆ ಮುಗೀತು ಅನ್ನೋ ಗುರುತನ್ನ ಅವನ ಹೆಸರಲ್ಲಿ ಒಂದ್ಸಲ ಕಳಿಸ್ತೇವೆ. ಭಾನುವಾರ ಕಳಿಸ್ತೇನೆ. ನೋಡ್ಲೇಬೇಕು ಅಂತೇನಿಲ್ಲ.’

‘ಕರೆಂಟು ದಂಡ’ ಅಂದೆ.

ಭಾನುವಾರ ಬಂತು. ಗುಂಡಿ ಒತ್ತುವುದು ಎಲ್ಲಿ ಅಂತ ನೋಡಿ ಗೊತ್ತಿತ್ತು, ಒತ್ತಿದೆ. ಅವನ ಕುರ್ಚಿಯಲ್ಲಿ ಕೂತೆ. ಗಿಡ್ಡ. ಗಿಡ್ಡ. ಗಿಡ್ಡ. ಆಮೇಲೆ ಉದ್ದ. ನನ್ನ ಓದೂ ಅಷ್ಟೇ ನಿಧಾನವಲ್ಲವಾ, ಸರಿಹೋಯಿತು. ಮತ್ತೊಂದು ಗಿಡ್ಡ ಬಂತು. ಇನ್ನು ಉಳಿದದ್ದು ಒಂದೇ ಒಂದು ಉದ್ದ. ಅದು ಬಂದರೆ ಮುಗಿಯಿತು. ಹೆಣ ಎತ್ತುವಾಗ, ಬೂದಿ ಬಿಡುವಾಗ ಸುಮ್ಮನೆ ನಿಂತಿದ್ದವಳು ನಾನು. ಅದು ಬರುವುದನ್ನು ಕೂತು ನೋಡಲು ಮಾತ್ರ ಆಗಲಿಲ್ಲ. ಎದ್ದು ಹೋಗಿ ಮಿಕ್ಸಿ ಹಾಕಿದೆ.

ಬಂದು ನೋಡಿದರೆ ಪರದೆ ಬೆಳ್ಳಗೆ.

ಮಧ್ಯಾಹ್ನ ಶೇಷಪ್ಪನ ಫೋನು. ‘ಬಂತಾ ಅಕ್ಕ?’

‘ಕೊನೇದು ಬರ್ಲಿಲ್ಲ. ಮಿಕ್ಸಿ ಹಾಕ್ಬೇಕಾಯ್ತು.’

‘ಪೂರ್ತಿ ಬರದಿದ್ರೆ ಕಳಿಸಿದ ಲೆಕ್ಕ ಅಲ್ಲ. ಮುಂದಿನ ವಾರ ಮತ್ತೆ ಕಳಿಸ್ತೇನೆ ಬಿಡಿ.’

ಮುಂದಿನ ವಾರವೂ ಮಿಕ್ಸಿ. ಅದರ ಮುಂದಿನ ವಾರವೂ. ಈಗೀಗ ಅವನು ಬಂತಾ ಅಂತ ಕೇಳುವುದೇ ಇಲ್ಲ. ‘ಇವತ್ತು ಎಂತ ಚಟ್ನಿ ಅಕ್ಕ?’ ಅನ್ನುತ್ತಾನೆ. ಅವನಿಗೂ ಮಂಡಿ ಹಿಡಿದಿದೆ, ದನಿ ಸಣ್ಣಗಾಗಿದೆ. ಎಷ್ಟು ಭಾನುವಾರ ಕಳಿಸಿಯಾನು?

ಇವತ್ತೂ ಕೇಳಿದ. ಕಾಯಿ ಚಟ್ನಿ ಅಂದೆ.

ಮನೆಯಲ್ಲಿ ಕಾಯಿ ಇರಲಿಲ್ಲ. ಒಂದು ದೋಸೆ ಬೇಯುವಷ್ಟು ಹೊತ್ತು ಖಾಲಿ ಜಾರನ್ನೇ ತಿರುಗಿಸಿದ್ದೆ. ಅದಕ್ಕೇ ಈ ವಾಸನೆ.